ಕೃತಜ್ಞತೆಯ ಸಾಕ್ಷಿ: ಜಾನ್ ನ್ಯೂಟನ್ನನ ಎರಡು ಬರಹಗಳು

ಕನ್ನಡ ನಾಡಿನ ಪ್ರಾಟೆಸ್ಟಂಟ್ ಕ್ರೈಸ್ತ ಸಭೆಗಳಲ್ಲಿ ‘ಸಾಕ್ಷಿ ಹೇಳುವುದು’ ಎಂಬ ಮಾತು ರೂಢಿಯಲ್ಲಿದೆ. ಕಾಯಿಲೆಯಿಂದ ಚೇತರಿಸಿಕೊಂಡವರು, ಅಪಘಾತದಿಂದ ಪಾರಾದವರು, ಕುಡಿತವನ್ನು ಬಿಟ್ಟು ಸಂಸಾರಕ್ಕೆ ಮರಳಿದವರು ಆರಾಧನೆಯ ನಡುವೆ ಎದ್ದುನಿಂತು, ದೇವರು ತಮಗೆ ಮಾಡಿದ ಉಪಕಾರವನ್ನು ನೆರೆದವರ ಮುಂದೆ ಹೇಳಿ ಸ್ತೋತ್ರ ಸಲ್ಲಿಸುತ್ತಾರೆ. ಸಾಕ್ಷಿ ಎಂಬುದು ನ್ಯಾಯಸ್ಥಾನದ ಶಬ್ದ. ಕಣ್ಣಾರೆ ಕಂಡವನು ಎಂಬುದು ಅದರ ಮೂಲಾರ್ಥ. ದೇವರಿಗೆ ಸಲ್ಲಬೇಕಾದ ಕೃತಜ್ಞತೆಯನ್ನು ಮನುಷ್ಯರ ಎದುರಿಗೆ, ಅದೂ ನ್ಯಾಯಸ್ಥಾನದ ಮಾತನ್ನು ಎರವಲು ಪಡೆದು, ಏಕೆ ಹೇಳಬೇಕು? ಅಂತರಂಗದಲ್ಲಿ ನೆನೆದರೆ ಸಾಲದೆ? ಈ ಪ್ರಶ್ನೆ ಕ್ರೈಸ್ತ ಪರಂಪರೆಯಲ್ಲಿ ಮತ್ತೆ ಮತ್ತೆ ಎದ್ದಿದೆ. ಕೃತಜ್ಞತೆ ಒಮ್ಮೆ ಸಾಕ್ಷ್ಯದ ರೂಪ ತಾಳಿತೆಂದರೆ ಅದರ ಮೇಲೆ ಒಂದು ಹೊಣೆಯೂ ಬೀಳುತ್ತದೆ. ಸಾಕ್ಷಿಯಾದವನು ತನಗೆ ಅನುಕೂಲವಾದ ಭಾಗವನ್ನಷ್ಟೇ ಹೇಳಿ ಕುಳಿತುಕೊಳ್ಳುವಂತಿಲ್ಲ, ಕಂಡದ್ದನ್ನೆಲ್ಲ ಹೇಳಬೇಕು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಜಾನ್ ನ್ಯೂಟನ್ ಎಂಬ ಹಡಗುನಾಯಕನ ಬದುಕನ್ನು ಈ ಹೊಣೆಯ ಚರಿತ್ರೆಯೆಂದೇ ಓದಬಹುದು. ಅವನ ವಿಷಯಕ್ಕೆ ಬರುವ ಮೊದಲು ಈ ಪದ್ಧತಿಯ ಬೇರಿನಲ್ಲಿರುವ ಕೆಲವು ಸಂಗತಿಗಳನ್ನು ನೋಡಬೇಕು.

ಹಳೆಯ ಒಡಂಬಡಿಕೆಯ ಯಾಜಕಕಾಂಡದ ಏಳನೆಯ ಅಧ್ಯಾಯದಲ್ಲಿ ಕೃತಜ್ಞತೆಗಾಗಿ ಅರ್ಪಿಸುವ ಬಲಿಯ ವಿಧಿಯಿದೆ. ಪಶುವಿನೊಡನೆ ಎಣ್ಣೆ ಬೆರೆಸಿದ ಹುಳಿಯಿಲ್ಲದ ರೊಟ್ಟಿಗಳನ್ನೂ ತೆಳುವಾದ ಕಡುಬುಗಳನ್ನೂ ಹುಳಿಹಿಟ್ಟಿನ ರೊಟ್ಟಿಗಳನ್ನೂ ತರಬೇಕು. ಮಾಂಸವನ್ನು ಅದೇ ದಿನ ತಿಂದು ಮುಗಿಸಬೇಕು. ಮರುದಿನದ ಬೆಳಗಿಗೆ ಏನೂ ಉಳಿಯಕೂಡದು. ಹರಕೆಯ ಬಲಿಗೆ ಎರಡು ದಿನಗಳ ಅವಕಾಶವಿದ್ದರೂ ಕೃತಜ್ಞತೆಯ ಬಲಿಗೆ ಮಾತ್ರ ಒಂದೇ ದಿನ. ಒಂದು ಇಡೀ ಪಶುವನ್ನೂ ಅಷ್ಟು ರೊಟ್ಟಿಗಳನ್ನೂ ಒಂದು ಸಂಸಾರ ಒಂದೇ ದಿನದಲ್ಲಿ ಉಂಡು ಮುಗಿಸುವುದು ಹೇಗೆ? ಬಂಧುಬಳಗವನ್ನೂ ನೆರೆಹೊರೆಯವರನ್ನೂ ಕರೆಯದೆ ಗತ್ಯಂತರವಿಲ್ಲ. ಕರೆದ ಮೇಲೆ ಊಟದ ಕಾರಣವನ್ನು ಹೇಳದಿರುವುದೂ ಅಸಾಧ್ಯ. ಬಹಿರಂಗವಾಗಿ ಕೃತಜ್ಞನಾಗು ಎಂಬ ಆಜ್ಞೆಯ ಬದಲು ಬಹಿರಂಗವಾಗದೆ ವಿಧಿಯಿಲ್ಲ ಎಂಬಂಥ ಅಡುಗೆಯನ್ನೇ ಶಾಸ್ತ್ರಕಾರರು ವಿಧಿಸಿದರು ಎನ್ನಬಹುದು.

ಈ ಬಲಿಗೂ ಅದರೊಡನೆ ಹೇಳುವ ಸ್ತುತಿಗೂ ಹೀಬ್ರೂ ಭಾಷೆಯಲ್ಲಿ ‘ತೋದಾ’ ಎಂಬ ಒಂದೇ ಹೆಸರು. ಇಂದಿನ ಇಸ್ರೇಲಿನಲ್ಲಿ ಅಂಗಡಿಯವನಿಗೂ ಬಸ್ಸಿನ ಚಾಲಕನಿಗೂ ಹೇಳುವ ಧನ್ಯವಾದದ ಮಾತು ಇದೇ. ಆದರೆ ಹಳೆಯ ಹೀಬ್ರೂವಿನಲ್ಲಿ ಇದಕ್ಕೆ ಇನ್ನೊಂದು ಅರ್ಥವೂ ಇತ್ತು. ಯೆರಿಕೋ ಪಟ್ಟಣದ ಕೊಳ್ಳೆಯಿಂದ ನಿಷಿದ್ಧವಾದ ಬೆಳ್ಳಿಬಂಗಾರಗಳನ್ನೂ ಒಂದು ನಿಲುವಂಗಿಯನ್ನೂ ಕದ್ದು ತನ್ನ ಗುಡಾರದಲ್ಲಿ ಹೂತಿಟ್ಟ ಆಕಾನನು ಸಿಕ್ಕಿಬಿದ್ದಾಗ, ಯೆಹೋಶುವನು ಅವನಿಗೆ ದೇವರ ಮುಂದೆ ‘ತೋದಾ’ ಸಲ್ಲಿಸು ಎನ್ನುತ್ತಾನೆ. ಅಲ್ಲಿ ಅದರ ಅರ್ಥ ಧನ್ಯವಾದವಲ್ಲ, ತಪ್ಪೊಪ್ಪಿಗೆ. ಇರುವುದನ್ನು ಇರುವಂತೆ ಎಲ್ಲರ ಮುಂದೆ ಒಪ್ಪಿಕೊಳ್ಳುವುದು ಎಂಬುದು ಈ ಎರಡು ಅರ್ಥಗಳ ಸಮಾನ ನೆಲೆ. ಪಡೆದ ಉಪಕಾರವನ್ನು ಒಪ್ಪಿಕೊಂಡರೆ ಅದು ಸ್ತುತಿ. ಮಾಡಿದ ಅಪಕಾರವನ್ನು ಒಪ್ಪಿಕೊಂಡರೆ ಅದು ನಿವೇದನೆ. ಲ್ಯಾಟಿನ್ನಿನ ‘ಕನ್ಫೆಸಿಯೊ’ ಶಬ್ದಕ್ಕೂ ಕ್ರೈಸ್ತ ಬಳಕೆಯಲ್ಲಿ ಇದೇ ಇಬ್ಬಗೆ ಪ್ರಾಪ್ತವಾಯಿತು. ನಾಲ್ಕನೆಯ ಶತಮಾನದ ಕೊನೆಯಲ್ಲಿ ಸಂತ ಅಗಸ್ಟೀನನು ಬರೆಯತೊಡಗಿದ ‘ಕನ್ಫೆಶನ್ಸ್’ ಗ್ರಂಥವನ್ನು ಬರಿಯ ಪಾಪನಿವೇದನೆಯೆಂದು ತಿಳಿಯುವ ವಿದ್ಯಾರ್ಥಿಗಳು ಅದರ ಅರ್ಧವನ್ನು ಕಳೆದುಕೊಳ್ಳುತ್ತಾರೆ. ಅದು ಉದ್ದಕ್ಕೂ ದೇವರನ್ನೇ ಸಂಬೋಧಿಸುವ ಸ್ತುತಿ. ಹಾಗಿದ್ದ ಮೇಲೆ ಮನುಷ್ಯರು ಅದನ್ನೇಕೆ ಕೇಳಬೇಕು ಎಂಬ ಪ್ರಶ್ನೆಯನ್ನು ಹತ್ತನೆಯ ಭಾಗದಲ್ಲಿ ಅಗಸ್ಟೀನನೇ ಎತ್ತಿಕೊಳ್ಳುತ್ತಾನೆ.

ಕನ್ನಡ ಬಳಸುವ ಸಂಸ್ಕೃತ ಶಬ್ದವೂ ಇಲ್ಲಿ ನೆರವಿಗೆ ಬರುತ್ತದೆ. ಕೃತಜ್ಞ ಎಂದರೆ ಕೃತವನ್ನು, ಅಂದರೆ ಮಾಡಲ್ಪಟ್ಟದ್ದನ್ನು, ಅರಿತವನು. ಅದು ಮೊದಲು ಒಂದು ಅರಿವು, ಆಮೇಲೆ ಭಾವ. ಏನನ್ನು ಅರಿತಿದ್ದಾನೆ, ಎಷ್ಟನ್ನು ಅರಿತಿದ್ದಾನೆ ಎಂದು ಕೇಳಲು ಈ ಶಬ್ದವೇ ಅವಕಾಶ ಕೊಡುತ್ತದೆ.

ಹೊಸ ಒಡಂಬಡಿಕೆಯಲ್ಲಿ ಲೂಕನು ಈ ಪ್ರಶ್ನೆಯನ್ನು ಎರಡು ಕಥೆಗಳಾಗಿ ಅಕ್ಕಪಕ್ಕದ ಅಧ್ಯಾಯಗಳಲ್ಲಿ ಇಟ್ಟಿದ್ದಾನೆ. ಹದಿನೇಳನೆಯ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ದೂರದಲ್ಲಿ ನಿಂತು ಯೇಸುವನ್ನು ಮೊರೆಯಿಡುತ್ತಾರೆ. ಯಾಜಕರಿಗೆ ಮೈ ತೋರಿಸಿಕೊಳ್ಳಿರಿ ಎಂಬ ಅಪ್ಪಣೆಯಾಗುತ್ತದೆ, ಹೋಗುತ್ತಿರುವಾಗಲೇ ವಾಸಿಯಾಗುತ್ತದೆ. ಒಂಬತ್ತು ಮಂದಿ ಅಪ್ಪಣೆಯಂತೆ ಮುಂದೆ ಹೋದರು. ಒಬ್ಬನು ಮಾತ್ರ ಹಿಂದಿರುಗಿ, ಗಟ್ಟಿಯಾದ ದನಿಯಲ್ಲಿ ದೇವರನ್ನು ಕೊಂಡಾಡುತ್ತ ಬಂದು ಯೇಸುವಿನ ಪಾದದ ಬಳಿ ಬಿದ್ದನು. ಅವನು ಯೆಹೂದ್ಯರು ಹೊರಗಿನವನೆಂದು ಎಣಿಸುತ್ತಿದ್ದ ಸಮಾರ್ಯದವನು. ಮುಂದಿನ ಅಧ್ಯಾಯದಲ್ಲಿ ಒಬ್ಬ ಫರಿಸಾಯನು ದೇವಾಲಯದಲ್ಲಿ ನಿಂತು, ತಾನು ಸುಲಿಗೆಯವರಂತೆ, ಅನ್ಯಾಯಗಾರರಂತೆ, ವ್ಯಭಿಚಾರಿಗಳಂತೆ, ಇಲ್ಲಿ ನಿಂತ ಈ ಸುಂಕದವನಂತೆ ಅಲ್ಲದಿರುವುದಕ್ಕಾಗಿ ದೇವರಿಗೆ ಕೃತಜ್ಞತೆ ಹೇಳುತ್ತಾನೆ. ವಾರಕ್ಕೆರಡು ಉಪವಾಸಗಳ ಲೆಕ್ಕವನ್ನೂ ಒಪ್ಪಿಸುತ್ತಾನೆ. ಗ್ರೀಕ್ ಮೂಲದಲ್ಲಿ ಸಮಾರ್ಯದವನ ಕೃತಜ್ಞತೆಗೂ ಫರಿಸಾಯನ ಕೃತಜ್ಞತೆಗೂ ಬಳಸಿರುವುದು ‘ಯೂಕರಿಸ್ತೇಓ’ ಎಂಬ ಒಂದೇ ಕ್ರಿಯಾಪದ. ಕ್ಯಾಥೊಲಿಕರ ಪರಮಪ್ರಸಾದಕ್ಕೆ ಯೂಕರಿಸ್ಟ್ ಎಂಬ ಹೆಸರು ಬಂದದ್ದೂ ಇದೇ ಮೂಲದಿಂದ. ಅನುವಾದಗಳಲ್ಲಿ ಓದುವವರು ಈ ಸಾಮ್ಯವನ್ನು ಲಕ್ಷಿಸದೆ ದಾಟಿಹೋಗುವುದುಂಟು.

ಇಬ್ಬರದೂ ಬಹಿರಂಗವೇ, ಇಬ್ಬರದೂ ದೇವರಿಗೇ ಸಂದದ್ದು. ಭೇದವೆಂದರೆ ಮಾತಿನೊಳಗೆ ಉಳಿದ ಮನುಷ್ಯರಿಗೆ ದೊರೆತ ಸ್ಥಾನ. ಫರಿಸಾಯನ ಸ್ತುತಿಯಲ್ಲಿ ಇತರರು ತುಂಬಿಕೊಂಡಿದ್ದಾರೆ, ಆದರೆ ಅವನ ಎತ್ತರವನ್ನು ತೋರುವ ಅಳತೆಗೋಲುಗಳಾಗಿ ಮಾತ್ರ. ಯುದ್ಧದ ಗೆಲುವಿಗಾಗಿ ಯುರೋಪಿನ ಅರಸರು ಹಾಡಿಸುತ್ತಿದ್ದ ‘ತೇ ದೇಉಮ್’ ಸ್ತೋತ್ರದ ವಿಡಂಬನೆಯೂ ಈ ಎಡೆಯಿಂದಲೇ ಹುಟ್ಟಿತು. ವೋಲ್ಟೇರನ ‘ಕ್ಯಾಂಡಿಡ್’ (1759) ಕೃತಿಯ ಮೂರನೆಯ ಅಧ್ಯಾಯದಲ್ಲಿ ಒಂದೇ ಕದನದ ಬಳಿಕ ಎರಡೂ ಪಕ್ಷದ ಅರಸರು ತಮ್ಮ ತಮ್ಮ ಪಾಳೆಯಗಳಲ್ಲಿ ಅದನ್ನು ಹಾಡಿಸುತ್ತಾರೆ. ಹೆಣಗಳು ನಡುವೆ ಬಿದ್ದಿರುತ್ತವೆ.

ವೋಲ್ಟೇರನ ಗೇಲಿಯನ್ನು ಮೆಚ್ಚುವುದು ಸುಲಭ. ಅರಸರ ಢಂಬಾಚಾರಕ್ಕಿಂತ ಕಷ್ಟದ ಪ್ರಶ್ನೆ, ಪ್ರಾಮಾಣಿಕವಾದ ಕೃತಜ್ಞತೆಯೇ ಕುರುಡಾಗಿದ್ದಾಗ ಏನು ಹೇಳಬೇಕೆಂಬುದು. ಅದಕ್ಕೆ ನ್ಯೂಟನ್ನನ ಬಳಿಗೇ ಹೋಗಬೇಕು.

ಜಾನ್ ನ್ಯೂಟನ್ 1725ರಲ್ಲಿ ಲಂಡನ್ನಿನಲ್ಲಿ ಒಬ್ಬ ಹಡಗುನಾಯಕನ ಮಗನಾಗಿ ಹುಟ್ಟಿದನು. (ವಿಜ್ಞಾನಿ ಐಸಾಕ್ ನ್ಯೂಟನ್ ಬೇರೆ.) ಏಳು ತುಂಬುವ ಮೊದಲೇ ತಾಯಿ ತೀರಿಕೊಂಡಳು. ಬಲವಂತದಿಂದ ನೌಕಾಪಡೆಗೆ ಸೇರಿಸಲ್ಪಟ್ಟು, ಅಲ್ಲಿಂದ ಓಡಿಹೋಗಿ, ಸಿಕ್ಕಿಬಿದ್ದು ಛಡಿಯೇಟು ತಿಂದು, ಕಡೆಗೆ ಪಶ್ಚಿಮ ಆಫ್ರಿಕದ ಕರಾವಳಿಯಲ್ಲಿ ಗುಲಾಮರ ವ್ಯಾಪಾರಿಯೊಬ್ಬನ ಕೈಕೆಳಗೆ ಹಸಿವು ರೋಗಗಳಲ್ಲಿ ನರಳಿದನು. ಅಲ್ಲಿಂದ ಅವನನ್ನು ಬಿಡಿಸಿ ಕರೆತಂದ ‘ಗ್ರೇಹೌಂಡ್’ ಹಡಗು 1748ರ ಮಾರ್ಚ್ 10ರಂದು ಅಟ್ಲಾಂಟಿಕ್ ಸಾಗರದಲ್ಲಿ ಬಿರುಗಾಳಿಗೆ ಸಿಕ್ಕಿತು. ಮುಂದೆ 1752ರಲ್ಲಿ ಬ್ರಿಟನ್ ಪಂಚಾಂಗವನ್ನು ತಿದ್ದಿ 11 ದಿನಗಳನ್ನು ಬಿಟ್ಟುದರಿಂದ ಆ ದಿನ ಹೊಸ ಲೆಕ್ಕದಲ್ಲಿ ಮಾರ್ಚ್ 21 ಆಯಿತು.

ನೀರು ಕೋಣೆಗೆ ನುಗ್ಗಿದಾಗ ಎಚ್ಚರಗೊಂಡ ನ್ಯೂಟನ್ ಮೇಲಕ್ಕೆ ಹತ್ತುತ್ತಿದ್ದನು. ನಾಯಕನು ಚಾಕುವೊಂದನ್ನು ತರಹೇಳಿದ್ದರಿಂದ ಹಿಂದಕ್ಕೆ ಇಳಿದನು. ಅವನ ಬದಲು ಮೇಲೆ ಹೋದ ಮತ್ತೊಬ್ಬನನ್ನು ಆ ಕ್ಷಣವೇ ಅಲೆ ಸೆಳೆದೊಯ್ದಿತು. ನಸುಕಿನಿಂದ ಹೆಚ್ಚುಕಡಿಮೆ ನಡುಹಗಲವರೆಗೆ ನೀರೆತ್ತುವ ಪಂಪಿನ ಬಳಿ ದುಡಿದು, ಆ ಬಳಿಕ ನಡುರಾತ್ರಿಯವರೆಗೆ ಚುಕ್ಕಾಣಿ ಹಿಡಿದನು. ಸರಕಿನಲ್ಲಿ ಜೇನುಮೇಣವೂ ನೀರಿಗಿಂತ ಹಗುರಾದ ಮರವೂ ಇದ್ದುದರಿಂದ ಹಡಗು ಮುಳುಗಲಿಲ್ಲ. ಸುಮಾರು ನಾಲ್ಕು ವಾರಗಳ ಅನಂತರ ಐರ್ಲೆಂಡಿನ ದಡ ಕಂಡಿತು. ಆ ದಿನದಿಂದ ದೇವರ ಹೆಸರೆತ್ತಿದರೆ ಹಾಸ್ಯ ಮಾಡುತ್ತಿದ್ದವನು ಪ್ರಾರ್ಥಿಸತೊಡಗಿದನು. ಬದುಕಿನುದ್ದಕ್ಕೂ ಪ್ರತಿವರ್ಷ ಆ ತಾರೀಖನ್ನು ಕೃತಜ್ಞತೆಯ ದಿನವಾಗಿ ಆಚರಿಸಿದನು.

ಜನಪ್ರಿಯ ಕಥನಗಳು ಇಲ್ಲಿಂದ ಒಂದೇ ಜಿಗಿತಕ್ಕೆ ಅವನ ಪ್ರಸಿದ್ಧ ಸ್ತೋತ್ರಗೀತೆ ‘ಅಮೇಜಿಂಗ್ ಗ್ರೇಸ್’ಗೆ ಹಾರುತ್ತವೆ: ಬಿರುಗಾಳಿ, ಪಶ್ಚಾತ್ತಾಪ, ಗುಲಾಮ ವ್ಯಾಪಾರದ ತ್ಯಾಗ, ಗೀತೆ. ಚರಿತ್ರೆ ಅಷ್ಟು ಚೊಕ್ಕವಾಗಿಲ್ಲ. ಬಿರುಗಾಳಿಯಿಂದ ಪಾರಾದ ವರ್ಷವೇ ನ್ಯೂಟನ್ ಗುಲಾಮರನ್ನು ಸಾಗಿಸುವ ಹಡಗಿನಲ್ಲಿ ಅಧಿಕಾರಿಯಾಗಿ ಹೊರಟನು. 1750ರಿಂದ 1754ರವರೆಗೆ ‘ಡ್ಯೂಕ್ ಆಫ್ ಆರ್ಗೈಲ್’, ‘ಆಫ್ರಿಕನ್’ ಎಂಬ ಎರಡು ಹಡಗುಗಳ ನಾಯಕನಾಗಿ ಮೂರು ಸಲ ಈ ವ್ಯಾಪಾರದ ಯಾನ ಮಾಡಿದನು. ಭಾನುವಾರಗಳಲ್ಲಿ ಹಡಗಿನ ಸಿಬ್ಬಂದಿಗೆ ಅವನೇ ಪ್ರಾರ್ಥನೆ ಓದುತ್ತಿದ್ದನು. ಮೇಲೆ ಪ್ರಾರ್ಥನೆ ನಡೆಯುವಾಗ ಕೆಳಗಿನ ಅಟ್ಟಗಳಲ್ಲಿ ಸಂಕೋಲೆಯ ಮನುಷ್ಯರು. 1754ರಲ್ಲಿ ಅವನು ಸಮುದ್ರವನ್ನು ಬಿಟ್ಟದ್ದೂ ಮನಸ್ಸಾಕ್ಷಿಯ ಕಾರಣಕ್ಕಲ್ಲ. ಹಠಾತ್ತಾಗಿ ಮೂರ್ಛೆ ಬಂದು ಬಿದ್ದುದರಿಂದ.

ಈ ಯಾನಗಳ ದಿನವಹಿಯನ್ನು ನ್ಯೂಟನ್ ತನ್ನ ಕೈಯಿಂದಲೇ ಬರೆದಿಟ್ಟಿದ್ದಾನೆ. ಅದು 1962ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಯಿತು. ಗಾಳಿ, ದಿಕ್ಕು, ಕೊಂಡ ಗುಲಾಮರ ಲೆಕ್ಕ, ಸತ್ತವರನ್ನು ಸಮುದ್ರಕ್ಕೆ ಇಳಿಸಿದ ಲೆಕ್ಕ. ಸತ್ತವರಿಗೆ ಹೆಸರಿಲ್ಲ, ಸಂಖ್ಯೆಗಳಿವೆ. 1752ರ ಡಿಸೆಂಬರ್ 11ರ ಬರಹವೊಂದು ಕೃತಜ್ಞತೆಯ ವಿಚಾರ ಮಾಡುವವರೆಲ್ಲರೂ ಓದತಕ್ಕದ್ದು. ಗುಲಾಮರು ದಂಗೆಗೆ ಸಂಚು ಹೂಡುತ್ತಿದ್ದುದು ಆ ದಿನ ಬಯಲಾಯಿತು. ಚಾಕು, ಕಲ್ಲು, ಗುಂಡು, ಒಂದು ಉಳಿ ಸಿಕ್ಕವು. ಸಂಚು ಸಕಾಲದಲ್ಲಿ ತಿಳಿದದ್ದು ದೈವದ ಅನುಗ್ರಹ ಎಂದು ನಾಯಕನು ಬರೆಯುತ್ತಾನೆ. ಆ ಸಾಧನಗಳನ್ನು ಒದಗಿಸಿದ್ದವರು ನಾಲ್ವರು ಹುಡುಗರು. ಅವರಿಗೆ ಬೇಡಿ ತೊಡಿಸಿ, ಹೆಬ್ಬೆರಳನ್ನು ತಿರುಪಿನ ನಡುವೆ ಇಟ್ಟು ಬಿಗಿಯುವ ಚಿತ್ರಹಿಂಸೆಯ ಉಪಕರಣವನ್ನು ಸ್ವಲ್ಪಮಟ್ಟಿಗೆ ಪ್ರಯೋಗಿಸಿದ್ದಾಗಿಯೂ, ಪೂರ್ಣವಾದ ತಪ್ಪೊಪ್ಪಿಗೆಯನ್ನು ಹೊರಡಿಸುವುದು ಉದ್ದೇಶವೆಂದೂ ಅದೇ ಬರಹದಲ್ಲಿದೆ.

ದೇವರಿಗೆ ಕೃತಜ್ಞತೆ ಮತ್ತು ಹುಡುಗರ ಬಾಯಿಂದ ತಪ್ಪೊಪ್ಪಿಗೆ, ‘ತೋದಾ’ದ ಎರಡು ಅರ್ಥಗಳು, ಒಂದೇ ದಿನದ ಬರಹದಲ್ಲಿ ಹೀಗೆ ಪಾಲಾಗಿವೆ. ಸ್ತುತಿ ನಾಯಕನಿಗೆ, ನಿವೇದನೆ ಬಂಧಿತರಿಗೆ. ಇದನ್ನು ಬರೆದವನು ಕಪಟಿಯಲ್ಲ ಎಂಬುದೇ ಓದುವವರಿಗೆ ಎದುರಾಗುವ ಕಷ್ಟ. ಅವನು ನಿಜವಾಗಿಯೂ ಕೃತಜ್ಞನಾಗಿದ್ದನು. ಕೃತದಲ್ಲಿ ಎಷ್ಟನ್ನು ಅರಿತಿದ್ದನೋ ಅಷ್ಟಕ್ಕೆ ಮಾತ್ರ.

ಸಮುದ್ರ ಬಿಟ್ಟ ಮೇಲೆ ನ್ಯೂಟನ್ ಲಿವರ್‌ಪೂಲಿನ ಬಂದರಿನಲ್ಲಿ ಸುಂಕದ ಅಧಿಕಾರಿಯಾದನು. ಲೂಕನ ಕಥೆಯ ಸುಂಕದವನನ್ನು ನೆನೆಯದಿರುವುದು ಕಷ್ಟ, ಆದರೆ ಸಾಮ್ಯವನ್ನು ಎಳೆಯುವುದು ಬೇಡ. 1764ರಲ್ಲಿ ಅವನು ಪಾದ್ರಿಯಾಗಿ ಬಕಿಂಗ್‌ಹ್ಯಾಮ್‌ಷೈರಿನ ಆಲ್ನಿಗೆ ಬಂದನು; ಬಡ ಲೇಸ್ ಹೆಣೆಯುವವರ ಊರು. ಅದೇ ವರ್ಷ 14 ಪತ್ರಗಳ ರೂಪದಲ್ಲಿ ಅವನ ಆತ್ಮಕಥನ ‘ಯಥಾರ್ಥ ವೃತ್ತಾಂತ’ ಪ್ರಕಟವಾಗಿ ಅವನನ್ನು ಪ್ರಸಿದ್ಧನನ್ನಾಗಿಸಿತು. ತನ್ನಂಥವನನ್ನೂ ದೇವರು ಬಿಡದೆ ಕಾಪಾಡಿದನು ಎಂಬುದು ಅದರ ಮೊದಲಿನಿಂದ ಕೊನೆಯವರೆಗಿನ ಶ್ರುತಿ. ಆದರೆ ಗುಲಾಮ ವ್ಯಾಪಾರದ ವಿಷಯಕ್ಕೆ ಬಂದಾಗ ಧ್ವನಿ ತಗ್ಗುತ್ತದೆ. ಆ ವೃತ್ತಿಯಲ್ಲಿದ್ದಾಗ ಅದರ ನ್ಯಾಯಾನ್ಯಾಯದ ಬಗೆಗೆ ತನಗೆ ಸಂಶಯವೇ ಹುಟ್ಟಿರಲಿಲ್ಲವೆಂದೂ, ಅದು ದೈವವು ತನಗೆ ಗೊತ್ತುಮಾಡಿದ ಕೆಲಸವೆಂದು ತೃಪ್ತನಾಗಿದ್ದನೆಂದೂ ಹೇಳುತ್ತಾನೆ. ಸಂಕೋಲೆ ಬೀಗಗಳ ನಡುವೆ ತಾನೊಬ್ಬ ಸೆರೆಮನೆಯ ಕಾವಲುಗಾರನೆಂದು ಕೆಲವೊಮ್ಮೆ ಅನ್ನಿಸಿ, ಹೆಚ್ಚು ಮಾನವೀಯವಾದ ವೃತ್ತಿಗಾಗಿ ಪ್ರಾರ್ಥಿಸಿದ್ದುಂಟು. ಮಾತು ಅಲ್ಲಿಗೇ ನಿಲ್ಲುತ್ತದೆ.

‘ಅಮೇಜಿಂಗ್ ಗ್ರೇಸ್’ ಹುಟ್ಟಿದ್ದು ಈ ಆಲ್ನಿಯಲ್ಲಿ, 1773ರ ಜನವರಿ 1ರ ಆರಾಧನೆಗಾಗಿ. ಅಂದರೆ ಬಿರುಗಾಳಿಯಾದ ಸುಮಾರು 25 ವರ್ಷಗಳ ಮೇಲೆ. ಆ ದಿನದ ಉಪದೇಶಕ್ಕೆ ಆಧಾರವಾದದ್ದು ಪೂರ್ವಕಾಲವೃತ್ತಾಂತದ ಮೊದಲ ಪುಸ್ತಕದ 17ನೆಯ ಅಧ್ಯಾಯ, ತನ್ನನ್ನು ಇಲ್ಲಿಯವರೆಗೆ ತಂದ ದೇವರ ಮುಂದೆ ಅರಸ ದಾವೀದನು ಕುಳಿತು ಹೇಳಿಕೊಳ್ಳುವ ಕೃತಜ್ಞತೆಯ ಮಾತುಗಳು. ವಿಲಿಯಂ ಕೂಪರ್ ಕವಿಯೊಡನೆ ನ್ಯೂಟನ್ 1779ರಲ್ಲಿ ಹೊರತಂದ ‘ಆಲ್ನಿ ಹಿಮ್ಸ್’ ಸಂಕಲನದಲ್ಲಿ ಅದು ಅಚ್ಚಾಯಿತು. ಇಂದು ಲೋಕವೆಲ್ಲ ಹಾಡುವ ಧಾಟಿ ಅದಕ್ಕೆ ಸೇರಿದ್ದು 1835ರಲ್ಲಿ, ಅಮೆರಿಕದಲ್ಲಿ. ನ್ಯೂಟನ್ ಅದನ್ನು ಕೇಳಿದವನಲ್ಲ. ಗೀತೆಯುದ್ದಕ್ಕೂ ‘ನಾನು’ ಎಂಬ ಉತ್ತಮಪುರುಷ ಏಕವಚನವಿದೆ. ಲೇಸ್ ಹೆಣೆಯುವ ಹೆಂಗಸರೂ ಅದನ್ನು ತಮ್ಮದೆಂಬಂತೆ ಹಾಡಬಲ್ಲವರಾಗಿದ್ದರು. ಒಬ್ಬನ ಪಾರಾಗುವಿಕೆ ಊರಿನ ಮಾತಾಗುವುದು ಹೀಗೆ. ಬಹಿರಂಗ ಸ್ತುತಿಯ ನಿಜವಾದ ಸಾಮರ್ಥ್ಯವೂ ಇಲ್ಲಿದೆ. ಹಾಗಿದ್ದರೂ ಗೀತೆಯಲ್ಲಿ ಗುಲಾಮರ ಸುಳಿವಿಲ್ಲ. ಪಶ್ಚಾತ್ತಾಪವನ್ನು ಅಲ್ಲಿ ಓದಿಕೊಳ್ಳುವವರು ಮುಂದಿನದನ್ನು ಹಿಂದಕ್ಕೆ ತಂದಿಟ್ಟು ಓದುತ್ತಿದ್ದಾರೆ.

ಮುಂದಿನದು ಬಂದದ್ದು 1788ರಲ್ಲಿ. ಅಷ್ಟು ಹೊತ್ತಿಗೆ ನ್ಯೂಟನ್ ಲಂಡನ್ನಿನ ಸೇಂಟ್ ಮೇರಿ ವುಲ್ನೋತ್ ಚರ್ಚಿನ ಪಾದ್ರಿ, ವಯಸ್ಸು 62. ಯುವ ಸಂಸದ ವಿಲಿಯಂ ವಿಲ್ಬರ್‌ಫೋರ್ಸ್ 1785ರಲ್ಲಿ ರಾಜಕೀಯವನ್ನೇ ಬಿಡುವ ಆಲೋಚನೆಯಲ್ಲಿ ಅವನ ಬಳಿ ಬಂದಾಗ, ಸಂಸತ್ತಿನಲ್ಲಿಯೇ ಇರುವಂತೆ ಸಲಹೆ ಕೊಟ್ಟಿದ್ದನು. 1788ರಲ್ಲಿ ಪ್ರಕಟವಾದ ‘ಆಫ್ರಿಕದ ಗುಲಾಮ ವ್ಯಾಪಾರದ ಬಗೆಗೆ ಆಲೋಚನೆಗಳು’ ಎಂಬ ಕಿರುಹೊತ್ತಿಗೆಯಲ್ಲಿ ಅವನು ತಾನು ಆ ವ್ಯಾಪಾರದಲ್ಲಿ ಪಾಲುಗೊಂಡುದನ್ನು ಸಾರ್ವಜನಿಕವಾಗಿ ಒಪ್ಪಿಕೊಂಡು ನಾಚಿಕೆಪಡಲು ಅಂತಃಕರಣವು ತನ್ನನ್ನು ಕಟ್ಟಿಹಾಕಿದೆ ಎನ್ನುತ್ತಾನೆ. ಆಗಿಹೋದ ಸಂಕಟವನ್ನು ಸರಿಪಡಿಸಲು ಈ ನಿವೇದನೆ ತೀರ ತಡವಾಗಿ ಬಂದಿದೆ ಎಂಬುದನ್ನೂ ಅವನೇ ಸೇರಿಸುತ್ತಾನೆ. ಆಮೇಲಿನದು ವ್ಯಾಪಾರದ ಒಳಗನ್ನು ಬಲ್ಲವನ ಶುಷ್ಕವಾದ ವಿವರಣೆ: ಹಡಗಿನ ಅಟ್ಟಗಳ ಎತ್ತರ ಅಡಿಗಳಲ್ಲಿ, ಮನುಷ್ಯರನ್ನು ಕಪಾಟಿನ ಪುಸ್ತಕಗಳಂತೆ ಒತ್ತಿ ಮಲಗಿಸುವ ಬಗೆ, ಹೆಂಗಸರು ನಾವಿಕರ ಕೈಗೆ ಸಿಕ್ಕಾಗ ಆಗುತ್ತಿದ್ದುದು, ಸಾವಿನ ಪ್ರಮಾಣ. 1764ರ ವೃತ್ತಾಂತದಲ್ಲಿ ಎದ್ದುಕಾಣುವ ಅಲಂಕಾರದ ಗದ್ಯ ಇಲ್ಲಿ ಇಲ್ಲ. ಗುಲಾಮ ವ್ಯಾಪಾರದ ರದ್ದತಿಗಾಗಿ ದುಡಿಯುತ್ತಿದ್ದವರು ಅದನ್ನು ಸಂಸದರ ಕೈಗೆ ತಲುಪಿಸಿದರು. ಅನಂತರ ನ್ಯೂಟನ್ ಸಂಸತ್ತಿನ ಸಮಿತಿಯ ಮುಂದೆ ನಿಂತು ಪ್ರಶ್ನೆಗಳಿಗೆ ಉತ್ತರ ಕೊಟ್ಟನು. ಸಭೆಯಲ್ಲಿ ಸಾಕ್ಷಿ ಹೇಳುತ್ತಿದ್ದವನು ಈಗ ಆ ಶಬ್ದದ ಮೂಲಾರ್ಥದಲ್ಲಿಯೇ ಸಾಕ್ಷಿಯಾದನು.

ಎರಡು ಬರಹಗಳ ನಡುವೆ 24 ವರ್ಷಗಳು. ಮೊದಲನೆಯದನ್ನು ಎರಡನೆಯದು ಸುಳ್ಳಾಗಿಸುವುದಿಲ್ಲ. ಬಿರುಗಾಳಿ ನಿಜ, ಕೃತಜ್ಞತೆಯೂ ನಿಜ. ಮೊದಲನೆಯದು ಇಲ್ಲದಿದ್ದರೆ ಎರಡನೆಯದಕ್ಕೆ ಅಷ್ಟು ಬೆಲೆ ಬರುತ್ತಿರಲಿಲ್ಲ ಎಂಬುದನ್ನೂ ಒಪ್ಪಬೇಕು. ದೇವರು ತನ್ನನ್ನು ಕಾಪಾಡಿದನೆಂದು ಇಡೀ ದೇಶಕ್ಕೆ ಹೇಳಿಕೊಂಡಿದ್ದವನ ಮಾತಾದುದರಿಂದ ಅದನ್ನು ತಳ್ಳಿಹಾಕುವುದು ಗುಲಾಮ ವ್ಯಾಪಾರಿಗಳಿಗೆ ಸುಲಭವಾಗಿರಲಿಲ್ಲ. ಗುಟ್ಟಾಗಿ ಕೃತಜ್ಞನಾಗಿದ್ದವನನ್ನು ಉಳಿದ ಅರ್ಧವನ್ನೂ ಹೇಳು ಎಂದು ಯಾರೂ ಕೇಳಲಾರರು. ಎಲ್ಲರ ಮುಂದೆ ಬಾಯಿಬಿಟ್ಟವನನ್ನು ಕೇಳಬಹುದು. ಅವನು ತನ್ನನ್ನೇ ಕೇಳಿಕೊಳ್ಳಬೇಕಾಗುತ್ತದೆ. ಆದರೆ 24 ವರ್ಷಗಳು ಹಡಗಿನ ಅಟ್ಟಗಳಲ್ಲಿ ಮಲಗಿದ್ದವರ ಲೆಕ್ಕದಲ್ಲಿ ಎಷ್ಟು ದೀರ್ಘವೆಂಬುದನ್ನು ಈ ಸಮಾಧಾನದ ಮಾತು ಮರೆಸಕೂಡದು. ಎರಡನೆಯ ಸಾಕ್ಷ್ಯವೂ ಪೂರ್ಣವಲ್ಲ. ಹೆಬ್ಬೆರಳಿನ ತಿರುಪಿನ ಯಾತನೆಯನ್ನು ತಾನು ಕಂಡದ್ದೆಂದು 1788ರಲ್ಲಿ ನ್ಯೂಟನ್ ಬರೆಯುತ್ತಾನೆ. ಡಿಸೆಂಬರ್ 11ರ ಆ ನಾಲ್ವರು ಹುಡುಗರು ಮಾತ್ರ ಅಲ್ಲಿ ಬರುವುದಿಲ್ಲ. ಅವರನ್ನು ಕಾಣಬೇಕಾದರೆ ದಿನವಹಿಗೇ ಹೋಗಬೇಕು.

ತನ್ನ ಸಮಾಧಿಯ ಬರಹವನ್ನು ನ್ಯೂಟನ್ ತಾನೇ ಸಿದ್ಧಪಡಿಸಿದ್ದನು. ಒಂದು ಕಾಲಕ್ಕೆ ನಾಸ್ತಿಕನೂ ಸ್ವೇಚ್ಛಾಚಾರಿಯೂ ಆಗಿದ್ದ, ಆಫ್ರಿಕದಲ್ಲಿ ಗುಲಾಮರ ಸೇವಕನಾಗಿದ್ದ ತನ್ನನ್ನು ಕ್ರಿಸ್ತನ ಕರುಣೆ ಉಳಿಸಿ, ಕ್ಷಮಿಸಿ, ತಾನು ಕೆಡಿಸಲು ಹೆಣಗಿದ್ದ ವಿಶ್ವಾಸವನ್ನೇ ಸಾರಲು ನೇಮಿಸಿತು ಎಂಬುದು ಅದರ ಭಾವ. ಕೃತಜ್ಞತೆಯ ಶಾಸನವಾಗಿ ಅದು ಘನವಾದದ್ದೇ. ಗುಲಾಮರ ಸೇವಕನೆಂಬುದು ಅವನು ಹಸಿದು ಬಳಲಿದ ದಿನಗಳ ಮಾತು. ನಾಯಕನಾಗಿ ಮಾಡಿದ ಮೂರು ಯಾನಗಳನ್ನು ಕಲ್ಲು ಹೇಳುವುದಿಲ್ಲ.

1805ರ ಮಾರ್ಚ್ 21ರಂದು, ಬಿರುಗಾಳಿಯ ದಿನದಂದು, ನ್ಯೂಟನ್ ತನ್ನ ದಿನಚರಿಯ ಕೊನೆಯ ಬರಹವನ್ನು ಬರೆದನು. ಬರೆಯುವ ಶಕ್ತಿ ಉಡುಗಿತ್ತು. ಆದರೂ ದೈನ್ಯದಿಂದಲೂ ಪ್ರಾರ್ಥನೆಯಿಂದಲೂ ಸ್ತುತಿಯಿಂದಲೂ ಈ ದಿನವನ್ನು ಆಚರಿಸಲು ಯತ್ನಿಸುತ್ತಿದ್ದೇನೆಂದು ತಿಳಿಸುತ್ತಾನೆ. ಬ್ರಿಟಿಷ್ ಗುಲಾಮ ವ್ಯಾಪಾರವನ್ನು ರದ್ದುಗೊಳಿಸಿದ ಕಾಯಿದೆಗೆ 1807ರ ಮಾರ್ಚ್ 25ರಂದು ರಾಜಮುದ್ರೆ ಬಿದ್ದಿತು. ಅದೇ ವರ್ಷ ಡಿಸೆಂಬರ್ 21ರಂದು ಅವನು ತೀರಿಕೊಂಡನು. ಚಾಕು ತರಲು ಅವನು ಕೆಳಗಿಳಿದಾಗ ಅವನ ಬದಲು ಮೇಲೆ ಹೋದವನ ಹೆಸರು 1764ರ ವೃತ್ತಾಂತದಲ್ಲಿ ಇಲ್ಲ.